ನಕಾಶೆಯಲ್ಲಿ ನಮ್ಮ ಕೇರಿ ಎಲ್ಲಿದೆ?

(ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ.)

ಶಿಬಿರದ ಗೆಳೆಯರು ನನಗೆ ಕವಿತೆಯ ಬಗ್ಗೆ ಮಾತಾಡು ಅಂದಿದ್ದರು. ನಾನು ಬೇಡ ಅಂದೆ. ಕವಿತೆ ಬಗ್ಗೆ ಮಾತಾಡೋರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬಿ.ಎ.ದಲ್ಲಿ ಭೂಗೋಳ ಓದಿದವನು. ಇವತ್ತು ಅದರ ಬಗ್ಗೆಯೇ ಮಾತಾಡ್ತೀನಿ. ಭೂಗೋಳ ಕಲಿಸೋದು ಅಂದ್ರ ಏನು, ಕಲಿಯೋದು ಅಂದ್ರ ಏನು, ಅದು ನಮ್ಮಂಥವರಿಗೆ ಯಾಕ ಬೇಕು. ಇಷ್ಟೇ ನನ್ನ ಮಾತು.

ನಿಮಗೆಲ್ಲ ಭೂಗೋಳ ಅಂದರೆ ಏನು ನೆನಪಾಗುತ್ತೆ? ಯಾವ ದೇಶದ ರಾಜಧಾನಿ ಯಾವುದು, ಯಾವ ನದಿ ಎಷ್ಟು ಉದ್ದ, ಎಲ್ಲಿ ಏನು ಬೆಳೀತಾರೆ. ಗೈಡು ತಂದು ಬಾಯಿಪಾಠ ಮಾಡೋದು, ಪರೀಕ್ಷೆಯಲ್ಲಿ ಕಕ್ಕೋದು, ಮರುದಿನ ಮರೆಯೋದು. ಭೂಮಿ ತನ್ನ ಅಕ್ಷದ ಮೇಲೆ 23½ ಡಿಗ್ರಿ ವಾಲಿದೆ ಅಂತ ನಾವೆಲ್ಲ ಬರೆದಿದ್ದೇವೆ. ಯಾಕೆ ವಾಲಿದೆ ಅಂತೀರಿ, ನಿಮಗೆ ಹೆಂಗ ಗೊತ್ತಾತು ಅಂತ ಯಾರಾದರೂ ಕೇಳಿದರೆ, ಪುಸ್ತಕದಾಗ ಐತ್ರಿ ಅನ್ನೋದು ಬಿಟ್ಟು ನಮ್ಮ ಹತ್ತಿರ ಉತ್ತರ ಇಲ್ಲ.

ಈ ಉತ್ತರ ಯಾದಗಿರಿಯ ಯಾವ ಹಾಸ್ಟೆಲಿನ ಅಂಗಳದಲ್ಲೂ ಸಿಗುತ್ತೆ. ಒಂದು ಕೋಲು ನೆಟ್ಟಗೆ ನೆಡಿರಿ. ದಿನಾ ನಡುಮಧ್ಯಾಹ್ನ ಅದರ ನೆರಳು ಅಳೆಯಿರಿ. ಮೇ ತಿಂಗಳ ಮೊದಲ ವಾರದ ಸುಮಾರಿಗೆ ಒಂದು ದಿನ ಕೋಲಿನ ನೆರಳೇ ಇಲ್ಲದಂತಾಗುತ್ತೆ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಮೇಲೆ ನೆರಳು ದಕ್ಷಿಣಕ್ಕೆ ತಿರುಗುತ್ತೆ. ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ಮಾಯವಾಗಿ ಉತ್ತರಕ್ಕೆ ಬರುತ್ತೆ. ಆ ನಡುಮಧ್ಯಾಹ್ನ ಗಡಿಯಾರದಲ್ಲಿ 12ಕ್ಕೆ ಆಗಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ ಆಗುತ್ತೆ. ಯಾಕಂದ್ರ ನಮ್ಮ ಕೈಯ ಗಡಿಯಾರ 82½ ಡಿಗ್ರಿ ರೇಖಾಂಶದ್ದು, ನಾವು ಇರೋದು 77ರ ಹತ್ತಿರ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ನೋಡಿ, ಅಕ್ಷಾಂಶ, ರೇಖಾಂಶ, ಭೂಮಿಯ ವಾಲು ಎಲ್ಲ ಒಂದು ಜಾಲಿ ಕಟ್ಟಿಗೆಯಲ್ಲಿ ಇದೆ. ಖರ್ಚು ಒಂದು ರೂಪಾಯಿಯೂ ಇಲ್ಲ. ಆದರೆ ಇದನ್ನು ನಮಗೆ ಕೋಲು ನೆಟ್ಟು ಕಲಿಸಲಿಲ್ಲ, ಡಿಕ್ಟೇಷನ್ ಕೊಟ್ಟು ಬರೆಸಿದರು.

ಬಾಯಿಪಾಠ ಅನ್ನೋದು ಬರೀ ಸೋಮಾರಿ ಮಾಸ್ತರರ ಅಭ್ಯಾಸ ಅಲ್ಲ, ಗೆಳೆಯರೇ. ಅದಕ್ಕೊಂದು ಇತಿಹಾಸ ಇದೆ. ಈ ದೇಶದಲ್ಲಿ ಬಾಯಿಂದ ಬಾಯಿಗೆ ಹೋದದ್ದನ್ನು ವಿದ್ಯೆ ಅಂದರು. ಕೈ ಕಾಲು ಮಾಡಿದ್ದನ್ನು ಚಾಕರಿ ಅಂದರು. ಚರ್ಮ ಹದ ಮಾಡೋನಿಗೆ ರಸಾಯನ ಗೊತ್ತಿತ್ತು, ಅವನನ್ನ ವಿದ್ಯಾವಂತ ಅನ್ನಲಿಲ್ಲ. ಭೂಗೋಳದಲ್ಲೂ ಹಿಂಗೇ ಆಗಿದೆ.

ಹಳೆಯ ಕಾಲದಲ್ಲಿ ಎರಡು ಊರುಗಳ ನಡುವೆ ಗಡಿ ತಕರಾರು ಬಂದರೆ ಯಾರನ್ನು ಕರೆಸುತ್ತಿದ್ದರು? ಗೌಡನನ್ನಲ್ಲ, ಜೋಯಿಸನನ್ನಲ್ಲ. ಕುಲವಾಡಿಯನ್ನು. ಅಂದರೆ ಹೊಲಗೇರಿಯ ಹಿರಿಯನನ್ನು. ಪಕ್ಕದ ಮರಾಠಿ ಸೀಮೆಯಲ್ಲಿ ಇದೇ ಕೆಲಸ ಮಹಾರರದ್ದು. 19ನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಇದನ್ನು ಬರೆದಿಟ್ಟು ಹೋಗಿದ್ದಾರೆ. ಯಾವ ಬಂಡೆಯಿಂದ ಯಾವ ಬೇವಿನ ಗಿಡಕ್ಕೆ, ಯಾವ ಹಳ್ಳದ ಯಾವ ತಿರುವಿಗೆ ಊರಿನ ಗಡಿ ಹೋಗುತ್ತೆ ಅಂತ ಅವನಿಗೆ ಗೊತ್ತು. ಅವನು ನಡೆದು ತೋರಿಸಿದ್ದೇ ಗೆರೆ. ಮೈಸೂರು ಸೀಮೆಯಲ್ಲಿ ಅವನು ತಲೆಯ ಮೇಲೆ ಮಣ್ಣಿನ ಉಂಡೆ ಹೊತ್ತು ಗಡಿ ನಡೆಯಬೇಕಿತ್ತಂತೆ. ಸುಳ್ಳು ಹೆಜ್ಜೆ ಇಟ್ಟರೆ ಉಂಡೆ ಒಡೆಯುತ್ತೆ, ಅವನು ಸಾಯುತ್ತಾನೆ ಅಂತ ನಂಬಿಕೆ.

ಅಂದರೆ ಏನಾಯಿತು? ಊರಿನ ಮೊದಲನೇ ಭೂಗೋಳ ಪಂಡಿತ ನಮ್ಮ ಮುತ್ಯಾ. ಊರಿನ ಗಡಿ ಎಲ್ಲಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ಆ ಗಡಿ ಕಾಯ್ದವನನ್ನೇ ಊರಿನ ಹೊರಗೆ ಇಟ್ಟರು. ಅವನ ಸಾಕ್ಷಿ ಬೇಕು, ಅವನ ನೆರಳು ಬೇಡ. ಆಮೇಲೆ ಸರ್ವೆ ಬಂತು, ಚೈನು ಬಂತು, ಕಾಗದ ಬಂತು. ಚೈನು ಹೊತ್ತವರು ನಮ್ಮವರು, ಕಾಗದ ಬರೆದವರು ಬೇರೆಯವರು. ಅವತ್ತಿನಿಂದ ಕಾಲಿನ ಅರಿವು ಬೇರೆ, ಕಾಗದದ ಅರಿವು ಬೇರೆ ಆಗಿ ಹೋಯಿತು. ಎರಡನ್ನೂ ಕೂಡಿಸುವ ಕೆಲಸ ನಿಮ್ಮದು. ಹಂಗ ಕೂಡಿಸಿ ಕಲಿಸಿದ ಇಬ್ಬರು ವಿಶ್ವವಿದ್ಯಾಲಯದ ಮಾಸ್ತರರ ಬಗ್ಗೆ ಹೇಳ್ತೀನಿ. ಒಬ್ಬರು ನಮ್ಮ ಸುರಪುರಕ್ಕೇ ಬಂದವರು. ಇನ್ನೊಬ್ಬ ಅಮೆರಿಕದವನು.

ಮೊದಲನೆಯವರು ಕೆ. ಪದ್ದಯ್ಯ. ತೆಲುಗು ನಾಡಿನವರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್.ಡಿ. ಸಂಕಾಳಿಯಾ ಅವರ ಶಿಷ್ಯರಾಗಿ, ಆಮೇಲೆ ಅಲ್ಲೇ ಪ್ರಾಧ್ಯಾಪಕರಾಗಿ ಬದುಕು ಸವೆಸಿದವರು. 2012ರಲ್ಲಿ ಪದ್ಮಶ್ರೀ ಬಂತು. ಹುದ್ದೆಯ ಹೆಸರು ಪುರಾತತ್ವದ್ದು. ಆದರೆ ನನ್ನ ಲೆಕ್ಕದಲ್ಲಿ ಸುರಪುರ ಸೀಮೆಗೆ ಅವರಿಗಿಂತ ದೊಡ್ಡ ಭೂಗೋಳದ ಮಾಸ್ತರರು ಬಂದಿಲ್ಲ.

1960ರ ದಶಕದಲ್ಲಿ ಅವರು ಪಿಎಚ್.ಡಿ.ಗೆ ಆರಿಸಿಕೊಂಡದ್ದು ಸುರಪುರ ದೋಆಬ್. ದೋಆಬ್ ಅಂದರೆ ಎರಡು ನೀರಿನ ನಡುವಿನ ನೆಲ. ಒಂದು ಕಡೆ ಕೃಷ್ಣೆ, ಒಂದು ಕಡೆ ಭೀಮೆ. ನಾವೆಲ್ಲ ಹುಟ್ಟಿ ಬೆಳೆದದ್ದು ಇದರ ನಡುವೆ, ಇದರ ಆಸುಪಾಸು. ಆ ನೆಲದ ನವಶಿಲಾಯುಗದ ಬಗ್ಗೆ ಅವರ ಪುಸ್ತಕ 1973ರಲ್ಲಿ ಹೊರಬಂತು. ಅಲ್ಲಿಗೆ ಮುಗೀತು, ಇನ್ನೊಂದು ಸೀಮೆಗೆ ಹೋಗೋಣ ಅನ್ನಲಿಲ್ಲ ಅವರು. ಹುಣಸಗಿ ಮತ್ತು ಬೈಚಬಾಳದ ಕಣಿವೆಗಳಲ್ಲಿ ದಶಕಗಟ್ಟಲೆ ನಡೆದರು. ಈಗ ಹುಣಸಗಿಯೇ ಒಂದು ತಾಲೂಕು. ಆಗ ಸುರಪುರ ತಾಲೂಕಿನ ಒಂದು ಮೂಲೆ.

ಅವರು ಏನು ಮಾಡಿದರು ಅನ್ನೋದಕ್ಕಿಂತ ಹೆಂಗ ಮಾಡಿದರು ಅನ್ನೋದು ನಮಗೆ ಮುಖ್ಯ.

ಆವರೆಗೆ ಹಳೆಯ ಶಿಲಾಯುಗದ ಆಯುಧ ಹುಡುಕೋರು ಹೆಚ್ಚಾಗಿ ದೊಡ್ಡ ನದಿಗಳ ದಂಡೆಗೆ ಹೋಗೋರು. ನದಿ ಎಲ್ಲಿಂದಲೋ ಉರುಳಿಸಿಕೊಂಡು ಬಂದ ಜಲ್ಲಿಯಲ್ಲಿ ಆಯುಧ ಹುಡುಕಿ, ಪೆಟ್ಟಿಗೆಗೆ ತುಂಬಿ, ಊರಿಗೆ ಹೋಗೋರು. ಪದ್ದಯ್ಯನವರು ದೊಡ್ಡ ಹೊಳೆ ಬಿಟ್ಟು ಸಣ್ಣ ಹಳ್ಳದ ಕಡೆ ನಡೆದರು. ಹೊಲ ಹೊಲ ತಿರುಗಿದರು. ಮನುಷ್ಯ ಕೂತು ಕೆಲಸ ಮಾಡಿದ ಜಾಗವೇ ಸಿಗಬೇಕು, ಉರುಳಿ ಬಂದ ಕಲ್ಲಲ್ಲ ಅನ್ನೋದು ಅವರ ಹಟ. ಆ ಎರಡು ಕಣಿವೆಗಳಲ್ಲಿ ಅಂಥ ಹಳೆಯ ನೆಲೆಗಳು ಸುಮಾರು 200 ಸಿಕ್ಕವು.

ಆಮೇಲೆ ಅವರು ಕೇಳಿದ ಪ್ರಶ್ನೆ ನೋಡಿ. ಈ ಕಲ್ಲು ಎಷ್ಟು ಹಳೇದು ಅಂತ ಮಾತ್ರ ಕೇಳಲಿಲ್ಲ. ಈ ಮನುಷ್ಯ ಬ್ಯಾಸಗಿಯಲ್ಲಿ ನೀರು ಎಲ್ಲಿ ಕುಡಿದ? ಮಳೆಗಾಲದಲ್ಲಿ ಎಲ್ಲಿಗೆ ಹೋದ? ಏನು ತಿಂದ? ಹುಣಸಗಿ ಕಣಿವೆಯಲ್ಲಿ ಕಲ್ಲಿನ ಸಂದಿಯಿಂದ ಒಸರುವ ಒರತೆಗಳಿವೆ. ದನ ಕಾಯೋ ಹುಡುಗರಿಗೆ ಅವು ಗೊತ್ತು. ಅದರ ಮೇಲೆ ಅವರು ಒಂದು ವಿಚಾರ ಕಟ್ಟಿದರು. ಬ್ಯಾಸಗಿಯಲ್ಲಿ ಆ ಜನ ಒರತೆ ನೀರಿನ ಹಳ್ಳದ ಹತ್ತಿರ ಕೂಡುತ್ತಿದ್ದರು, ಮಳೆ ಬಿದ್ದ ಮೇಲೆ ಸಣ್ಣ ಸಣ್ಣ ಗುಂಪಾಗಿ ಕಣಿವೆ ತುಂಬ ಹರಡುತ್ತಿದ್ದರು ಅಂತ. ಇದನ್ನು ತಿಳಿಯೋದಕ್ಕೆ ಈಗಿನ ಹಳ್ಳಿಯ ಜನ ಯಾವ ಕಾಡು ಸೊಪ್ಪು, ಕಾಯಿ, ಗಡ್ಡೆ, ಸಣ್ಣ ಪ್ರಾಣಿ ತಿಂತಾರೆ ಅಂತಲೂ ಕೇಳಿ ಬರೆದುಕೊಂಡರು. 1982ರ ಅವರ ಹುಣಸಗಿ ಪುಸ್ತಕ ಈ ದಾರಿಯದ್ದು. ಬಡವರ ಅಡುಗೆಯ ಅರಿವು ಒಂದು ವಿಶ್ವವಿದ್ಯಾಲಯದ ಗ್ರಂಥಕ್ಕೆ ಪುರಾವೆ ಆಯಿತು. ನಮ್ಮ ಅವ್ವಂದಿರು ಹೊಲದ ಬದುವಿನಿಂದ ಕಿತ್ತು ತರುವ ಸೊಪ್ಪನ್ನು ಬಡತನದ ಊಟ ಅಂತ ಮುಚ್ಚಿಟ್ಟುಕೊಳ್ಳೋ ಹುಡುಗರಿಗೆ ಇದು ಗೊತ್ತಿರಬೇಕು.

ಇಸಾಂಪುರ ಅನ್ನೋ ಸಣ್ಣ ಊರಿನಲ್ಲಿ ಅವರ ತಂಡ 1997ರಿಂದ ಕೆಲವು ವರ್ಷ ಅಗೆಯಿತು. ಸುಣ್ಣಗಲ್ಲಿನ ಚಪ್ಪಡಿ ಎಬ್ಬಿಸಿ ಆಯುಧ ಮಾಡಿದ ಖಣಿ ಅದು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲು ಪರೀಕ್ಷೆ ಮಾಡಿ ಸುಮಾರು 12 ಲಕ್ಷ ವರ್ಷ ಅಂತ 2002ರಲ್ಲಿ ಪ್ರಕಟಿಸಿದರು. ಫರಸಿ ಕಲ್ಲು ಒಡೆಯೋದು ನಮ್ಮ ಕಡೆ ಇವತ್ತಿಗೂ ಕೂಲಿಯವರ ಕೆಲಸ. ಅದರ ಮೊದಲ ಗುರುತು 12 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತೆ. ಹಿಂದುಳಿದ ಜಿಲ್ಲೆ ಅಂತಾರಲ್ಲ ನಮ್ಮದನ್ನ, ಅವರಿಗೆ ಇದನ್ನ ಹೇಳ್ರಿ.

ಇನ್ನು ಬೂದಿಹಾಳ. ಹೆಸರಿನಲ್ಲೇ ಬೂದಿ ಇದೆ. ಅಲ್ಲಿಯ ಬೂದಿದಿಬ್ಬ 4000 ವರ್ಷಕ್ಕೂ ಹಳೆಯದು. ಇಂಥ ದಿಬ್ಬಗಳ ಬಗ್ಗೆ ಮೊದಲು ಏನೇನೋ ಊಹೆ ಇತ್ತು. ಅದು ದನದ ಸೆಗಣಿ ಕೂಡಿಟ್ಟು ಸುಟ್ಟ ಬೂದಿ, ಅಲ್ಲಿದ್ದದ್ದು ದನದ ದೊಡ್ಡಿ ಅಂತ ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನಲ್ಲಿ ಅಗೆದು ತೋರಿಸಿದ್ದರು. ಪದ್ದಯ್ಯನವರು ಬೂದಿಹಾಳದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ದೊಡ್ಡಿಯ ಪಕ್ಕದಲ್ಲೇ ಜನ ಬಾಳಿದ ಮನೆಗಳ ಗುರುತು ತೋರಿಸಿದರು. ಅಷ್ಟೇ ಅಲ್ಲ, ಅಲ್ಲಿ ದನ ಕೊಯ್ದು ಮಾಂಸ ಹಂಚಿಕೊಂಡ ನೆಲವೂ ಸಿಕ್ಕಿತು. 1995ರಲ್ಲಿ ಅದರ ಮೇಲೆ ಪ್ರಬಂಧ ಬಂತು. ದನ ಸಾಕಿದವರೇ ದನ ತಿಂದರು. ಇದು ಯಾರ ಭಾಷಣವೂ ಅಲ್ಲ, ಮಣ್ಣು ಹೇಳೋ ಮಾತು. ನಮ್ಮ ಊಟಕ್ಕೆ ಹೇಸುವವರು ಬೂದಿಹಾಳಕ್ಕೆ ಒಮ್ಮೆ ಹೋಗಿ ಬರಲಿ.

ಇದರಿಂದ ನಾವು ಕಲಿಯೋದು ಏನು? ಪ್ರಶ್ನೆ ಇಟ್ಟುಕೊಂಡು ನಡೆ. ಸಣ್ಣ ಜಾಗ ಹಿಡಿ, ಬಿಡಬೇಡ. ಅಲ್ಲಿಯ ಜನರನ್ನು ಕೇಳು. ಋತು ಋತುವಿಗೆ ಮತ್ತೆ ಹೋಗು. ನೆಲ ಹೇಳಿದ್ದನ್ನು ನಂಬು, ನಿನ್ನ ಆಸೆ ಹೇಳಿದ್ದನ್ನಲ್ಲ.

ಆದರೆ ಇಲ್ಲಿ ನಾನು ಒಂದು ಪ್ರಶ್ನೆ ಇಡಲೇಬೇಕು. 12 ಲಕ್ಷ ವರ್ಷದ ಹಿಂದೆ ಹುಣಸಗಿ ಸೀಮೆಯ ಮನುಷ್ಯ ನೀರು ಹುಡುಕಿ ಹೋದ. ನೀರು ಸಿಕ್ಕಲ್ಲಿ ಕೂತ. ಅವನನ್ನ ಯಾರೂ ತಡೆಯಲಿಲ್ಲ. ಇವತ್ತು ಅದೇ ಸೀಮೆಯಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಇದೆ. ಎಡದಂಡೆ ಕಾಲುವೆ ಇದೆ. ಬತ್ತ ಇದೆ, ಹತ್ತಿ ಇದೆ. ಆದರೂ ಸುಗ್ಗಿ ಮುಗಿದ ಮೇಲೆ ನಮ್ಮ ಕೇರಿಗಳಿಗೆ ಬೀಗ ಬೀಳುತ್ತೆ. ಜನ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್ ಅಂತ ಗುಳೆ ಹೋಗ್ತಾರೆ. ಆ ಮನುಷ್ಯ ನೀರಿನ ಕಡೆಗೆ ನಡೆದ. ನಮ್ಮವರು ನೀರು ಬಿಟ್ಟು ನಡೀತಿದ್ದಾರೆ. ಇದಕ್ಕೆ ಮಳೆ, ಮಣ್ಣು, ಒರತೆ ಇಷ್ಟೇ ಕಾರಣ ಅಂತ ಹೇಳೋಕೆ ಆಗಲ್ಲ. ಇದಕ್ಕೆ ಬೇರೆ ನಕಾಶೆ ಬೇಕು. ಅದನ್ನು ಬರೆದು ತೋರಿಸಿದವನು ಎರಡನೇ ಮಾಸ್ತರ.

ಅವನ ಹೆಸರು ವಿಲಿಯಂ ಬುಂಗಿ. ಹುಟ್ಟಿದ್ದು 1928, ಸತ್ತದ್ದು 2013. ಬಿಳಿಯ. 1962ರಲ್ಲಿ ಸೈದ್ಧಾಂತಿಕ ಭೂಗೋಳದ ಮೇಲೆ ಲೆಕ್ಕ ತುಂಬಿದ ಒಂದು ಪುಸ್ತಕ ಬರೆದು ದೊಡ್ಡ ಪಂಡಿತರ ಸಾಲಿಗೆ ಸೇರಿದವನು. ಡೆಟ್ರಾಯಿಟ್ ಅಂತ ಕಾರು ಕಾರ್ಖಾನೆಗಳ ಊರು, ಅಲ್ಲಿಯ ವೇನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ. 1967ರಲ್ಲಿ ಆ ಊರಿನಲ್ಲಿ ಕಪ್ಪು ಜನ ಸಿಡಿದೆದ್ದರು. ಊರು ಹೊತ್ತಿ ಉರಿಯಿತು. ಬುಂಗಿ ಇದ್ದದ್ದು ಫಿಟ್ಜೆರಾಲ್ಡ್ ಅನ್ನೋ ಬಡಾವಣೆ. ಒಂದು ಚದರ ಮೈಲಿ ಜಾಗ. ಚಂದ್ರನ ಮೇಲಿನ ಹಳ್ಳ ದಿಣ್ಣೆ ಅಳೆಯೋ ಕಾಲದಲ್ಲಿ ನಮ್ಮ ಬೀದಿಯ ಭೂಗೋಳ ನಮಗೇ ಗೊತ್ತಿಲ್ಲವಲ್ಲ ಅಂತ ಅವನು ಆ ಒಂದು ಚದರ ಮೈಲಿಯನ್ನೇ ಓದೋಕೆ ಕೂತ. 1971ರಲ್ಲಿ ಅದರ ಪುಸ್ತಕ ಬಂತು.

ಅವನ ಜೊತೆ ಒಬ್ಬಳು ಕಪ್ಪು ಹುಡುಗಿ, ಗ್ವೆಂಡೊಲಿನ್ ವಾರನ್. ಇನ್ನೂ ಹದಿಹರೆಯ, ನಿಮ್ಮ ಪಿ.ಯು.ಸಿ. ವಯಸ್ಸು. ಮೊದಮೊದಲು ಅವಳಿಗೆ ಈ ಬಿಳಿ ಮಾಸ್ತರನ ಮೇಲೆ ನಂಬಿಕೆ ಇರಲಿಲ್ಲ. ಬಂದು ಅಭ್ಯಾಸ ಮಾಡಿ ಹೋಗೋ ಪಂಡಿತರನ್ನು ಅವಳು ಸಾಕಷ್ಟು ಕಂಡಿದ್ದಳು. ಅವಳು ಅವನನ್ನ ಝಾಡಿಸಿದಳು, ಅವನು ಕೇಳಿದ. ಇಬ್ಬರೂ ಸೇರಿ ಡೆಟ್ರಾಯಿಟ್ ಭೌಗೋಳಿಕ ದಂಡಯಾತ್ರೆ ಅಂತ ಒಂದು ಸಂಸ್ಥೆ ಕಟ್ಟಿದರು. ಹೆಸರಿನಲ್ಲೇ ವ್ಯಂಗ್ಯ ಇದೆ. ಹಿಂದೆ ಬಿಳಿಯರು ಆಫ್ರಿಕಕ್ಕೆ ದಂಡಯಾತ್ರೆ ಹೋಗಿ ನಕಾಶೆ ಬರೆದು ನೆಲ ಕಸಿದುಕೊಂಡರು. ಇವರ ಯಾತ್ರೆಯಲ್ಲಿ ಆ ನೆಲದ ಜನರೇ ಪಂಡಿತರು, ವಿಶ್ವವಿದ್ಯಾಲಯದವರು ಅವರ ಕೈಯ ಕೆಳಗೆ. ಅಲ್ಲಿಂದ ತಗೊಂಡು ಹೋಗೋದಲ್ಲ, ಅಲ್ಲಿಗೆ ಕೊಟ್ಟು ಬರೋದು. ಕೇರಿಯ ಹುಡುಗರಿಗೆ ಫೀ ಇಲ್ಲದೆ ಕಾಲೇಜಿನ ಪಾಠ ನಡೆಸಿದರು. ಆ ಪಾಠಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಕೊಡಿಸಿದರು. ನೂರಾರು ಮಂದಿ ಬಂದರು.

ಅವರು ಬರೆದ ಒಂದು ನಕಾಶೆ ಇವತ್ತು ಜಗತ್ತಿನ ಭೂಗೋಳದ ವಿಭಾಗಗಳಲ್ಲೆಲ್ಲ ತೋರಿಸ್ತಾರೆ. ಅದರಲ್ಲಿ ನದಿ ಇಲ್ಲ, ಬೆಟ್ಟ ಇಲ್ಲ. ರಸ್ತೆ, ರಸ್ತೆಯ ಮೇಲೆ ಚುಕ್ಕಿ. ಒಂದೊಂದು ಚುಕ್ಕಿ ಒಂದೊಂದು ಸತ್ತ ಮಗು. ಊರ ಹೊರಗಿನ ಸಿರಿವಂತ ಬಿಳಿಯರು ದಿನಾ ಕೆಲಸಕ್ಕೆ ಹೋಗೋವಾಗ ಕಪ್ಪು ಜನರ ಓಣಿಗಳ ನಡುವೆ ಕಾರು ಓಡಿಸಿಕೊಂಡು ಹೋಗ್ತಾರೆ. ಆಟ ಆಡೋ ಮಕ್ಕಳು ಚಕ್ರದ ಕೆಳಗೆ ಬೀಳ್ತಾವೆ. ಒಂದೇ ಮೂಲೆಯಲ್ಲಿ ಆರು ತಿಂಗಳಲ್ಲಿ ಆರು ಮಕ್ಕಳು ಸತ್ತರು ಅಂತ ವಾರನ್ ಬರೆದಿದ್ದಾಳೆ. ಬಿಡಿ ಬಿಡಿಯಾಗಿ ನೋಡಿದರೆ ಒಂದೊಂದೂ ಅಪಘಾತ. ತಾಯಿಯ ಹಣೆಬರಹ. ಒಂದೇ ಕಾಗದದ ಮೇಲೆ ಇಟ್ಟಾಗ ಅದು ಅಪಘಾತ ಅಲ್ಲ, ವ್ಯವಸ್ಥೆ ಅಂತ ಕುರುಡನಿಗೂ ಕಾಣುತ್ತೆ. ನಕಾಶೆಯ ಶಕ್ತಿ ಅಂದರೆ ಇದು. ಹಣೆಬರಹವನ್ನ ಅದು ಜಾಗವಾಗಿ ತೋರಿಸುತ್ತೆ. ಜಾಗ ಆದ ಮೇಲೆ ಅದನ್ನ ಬದಲಾಯಿಸಬಹುದು. ಇಲಿ ಕಚ್ಚಿದ ಕೂಸುಗಳ ನಕಾಶೆಯನ್ನೂ ಬುಂಗಿ ಬರೆದ.

ಬುಂಗಿಯ ಗತಿ ಏನಾಯಿತು? ವೇನ್ ಸ್ಟೇಟಿನ ಕೆಲಸ ಹೋಯಿತು. ಸಂಸ್ಥೆಯೂ ಬಹಳ ವರ್ಷ ಬಾಳಲಿಲ್ಲ. ಅಪಾಯಕಾರಿ ಭಾಷಣಕಾರರ ಸರ್ಕಾರಿ ಪಟ್ಟಿಯಲ್ಲಿ ಅವನ ಹೆಸರು ಬಂತು. ಕೆನಡಾಕ್ಕೆ ಹೋಗಿ ಸ್ವಲ್ಪ ಕಾಲ ಪಾಠ ಹೇಳಿದ, ಆಮೇಲೆ ಟೊರೊಂಟೊದಲ್ಲಿ ಟ್ಯಾಕ್ಸಿ ಹೊಡೆದ. ಟ್ಯಾಕ್ಸಿ ಹೊಡೀತಾ ಹೊಡೀತಾ ಆ ಊರಿನ ಭೂಗೋಳ ಕಲಿತ. ಕುರ್ಚಿ ಕಿತ್ತುಕೊಳ್ಳಬಹುದು, ಕಾಲು ಕಿತ್ತುಕೊಳ್ಳೋಕೆ ಆಗಲಿಲ್ಲ. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ ಹುಟ್ಟಿದಾಗ ಅಮೆರಿಕದ ಕಪ್ಪು ಜನರ ಸಂಘಟನೆಯಿಂದ ಹೆಸರು ತಗೊಂಡರು. ಹೆಸರು ಬಂತು, ಕವಿತೆ ಬಂತು. ಅವರ ಈ ನಕಾಶೆ ಮಾತ್ರ ನಮ್ಮ ಕೈಗೆ ಬರಲಿಲ್ಲ. ಈಗ ತಗೊಳ್ಳೋಣ.

ನಮ್ಮ ಜಿಲ್ಲೆಗೆ ಬರ್ರಿ. ಯಾದಗಿರಿ 2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ ಬೇರೆಯಾಗಿ ಜಿಲ್ಲೆ ಆಯಿತು. ಅದಕ್ಕೂ ಮೊದಲು, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ಕೊಟ್ಟಿತ್ತು. ರಾಜ್ಯದಲ್ಲಿ 114 ತಾಲೂಕು ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಗುಲ್ಬರ್ಗಾ ವಿಭಾಗದ್ದು ಅಂತ. 2012ರಲ್ಲಿ ಪಾರ್ಲಿಮೆಂಟು ಸಂವಿಧಾನಕ್ಕೆ 371(ಜೆ) ಸೇರಿಸಿತು. ಅದರಿಂದ ನಮಗೆ ಸೀಟು, ನೌಕರಿ ಬಂದಿವೆ. ಇದೆಲ್ಲ ಭೂಗೋಳದ ಹೋರಾಟದ ಫಲವೇ. ಪ್ರದೇಶಕ್ಕೆ ಅನ್ಯಾಯ ಆಗಿದೆ ಅಂತ ಲೆಕ್ಕ ಹಾಕಿ, ನಕಾಶೆ ಹಾಕಿ ತೋರಿಸಿದ್ದಕ್ಕೆ ಸಿಕ್ಕದ್ದು.

ಆದರೆ ಆ ನಕಾಶೆ ತಾಲೂಕಿನ ಬಾಗಿಲಿಗೆ ಬಂದು ನಿಂತುಬಿಡುತ್ತೆ. ಶಹಾಪುರ ತಾಲೂಕಿನೊಳಗೆ ಯಾವ ಊರು, ಊರಿನೊಳಗೆ ಯಾವ ಓಣಿ ಅಂತ ಅದು ಹೇಳಲ್ಲ. ಕಾಲುವೆಯ ತಲೆಯಲ್ಲಿ ಹೊಲ ಇದ್ದವನೂ ಹಿಂದುಳಿದ ತಾಲೂಕಿನವನೇ, ಬಾಲದಲ್ಲಿ ಹೊಲ ಇದ್ದವನೂ ಹಿಂದುಳಿದ ತಾಲೂಕಿನವನೇ, ಹೊಲವೇ ಇಲ್ಲದವನೂ ಅದೇ. ಸರಾಸರಿ ಅನ್ನೋದು ದೊಡ್ಡ ಮೋಸಗಾರ, ಗೆಳೆಯರೇ. ಗೌಡನ ಹತ್ತು ರೊಟ್ಟಿ, ಆಳಿನ ಸೊನ್ನೆ ರೊಟ್ಟಿ ಕೂಡಿಸಿ ಇಬ್ಬರೂ ಐದೈದು ತಿಂದರು ಅನ್ನುತ್ತೆ. ಸರಾಸರಿಯ ಒಳಗೆ ಹೋಗೋ ನಕಾಶೆಯನ್ನ ಯಾವ ಸಮಿತಿಯೂ ಬರೆಯಲ್ಲ. ಅದನ್ನ ಬರೆಯೋರು ಈ ಕೋಣೆಯಲ್ಲಿ ಕೂತಿದ್ದಾರೆ. ಒಂದು ಹಾಸ್ಟೆಲಿನಲ್ಲಿ ಎಷ್ಟು ಹಳ್ಳಿಯ ಹುಡುಗರಿರ್ತೀರಿ ಎಣಿಸಿ ನೋಡಿ. ಯಾವ ವಿಶ್ವವಿದ್ಯಾಲಯಕ್ಕೂ ಇಂಥ ತಂಡ ಸಿಗಲ್ಲ.

ಕೆಲಸ ಹೇಳ್ತೀನಿ, ಬರಕೊಳ್ರಿ.

ಒಂದು. ನಿಮ್ಮ ಹೆಜ್ಜೆ ಅಳತೆ ಮಾಡಿಕೊಳ್ಳಿ. ಕಾಲೇಜು ಮೈದಾನದ 100 ಮೀಟರ್ ಓಟದ ಗೆರೆಯ ಮೇಲೆ ನಡೆದು ಎಷ್ಟು ಹೆಜ್ಜೆ ಅಂತ ಮೂರು ಸಲ ಎಣಿಸಿ. ಇದೇ ನಿಮ್ಮ ಚೈನು. ಚೌಕುಳಿ ನೋಟ್‌ಬುಕ್ಕಿನ ಒಂದು ಮನೆಗೆ ಇಷ್ಟು ಹೆಜ್ಜೆ ಅಂತ ಇಟ್ಟುಕೊಂಡರೆ ಅದೇ ಸ್ಕೇಲು.

ಎರಡು. ನೀರಿನ ನಕಾಶೆ. ರಜೆಗೆ ಊರಿಗೆ ಹೋದಾಗ ಬಾವಿ, ಬೋರು, ನಳ, ಟ್ಯಾಂಕು, ಹಳ್ಳ, ಕಾಲುವೆ ಎಲ್ಲ ಗುರುತು ಮಾಡಿ. ನಿಮ್ಮ ಕೇರಿಯಿಂದ ಪ್ರತಿಯೊಂದಕ್ಕೂ ಎಷ್ಟು ಹೆಜ್ಜೆ? ಬ್ಯಾಸಗಿಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು? ಯಾವುದನ್ನ ಯಾರು ಮುಟ್ಟಬಹುದು? ಇದನ್ನ ಗಂಡಸರನ್ನ ಕೇಳಬೇಡಿ, ಕೊಡ ಹೊರೋರನ್ನ ಕೇಳಿ. "ಯವ್ವಾ, ಯಾವ ನಳಕ್ಕ ಎಷ್ಟ ಹೊತ್ತಿಗೆ ಹೋಗ್ತಿ, ಎಷ್ಟ ಹೊತ್ತ ಸರದಿ ನಿಲ್ತಿ?" ಅಂತ ಕೇಳಿ. ಹತ್ತಿರದ ನೀರು ಬಿಟ್ಟು ದೂರದ ನೀರಿಗೆ ಹೋಗ್ತಿದ್ದರೆ ಆ ಹೆಚ್ಚಿನ ಹೆಜ್ಜೆ ಇದೆಯಲ್ಲ, ಅದೇ ಜಾತಿಯ ಉದ್ದ. 1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಕೆರೆಯ ತನಕ ನಡೆದರಲ್ಲ, ಅವರು ನಡೆದದ್ದು ಆ ಉದ್ದವನ್ನೇ.

ಮೂರು. ಮಣ್ಣಿನ ನಕಾಶೆ. ಎರೆ ಎಲ್ಲಿ, ಮಸಾರಿ ಎಲ್ಲಿ, ಮಡ್ಡಿ ಎಲ್ಲಿ. ಇದು ನಿಮ್ಮ ಅಪ್ಪಂದಿರಿಗೆ ಕಣ್ಣು ಮುಚ್ಚಿ ಗೊತ್ತು. ಅದರ ಪಕ್ಕ ಸರ್ವೆ ನಂಬರ್ ಬರೆಯಿರಿ. ಈಗ ಮೊಬೈಲಿನಲ್ಲಿ ದಿಶಾಂಕ್ ಅಂತ ಸರ್ಕಾರದ್ದೇ ಆ್ಯಪ್ ಇದೆ. ಹೊಲದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತೆ. ಗಾಯರಾಣ ಎಷ್ಟು ಉಳಿದಿದೆ, ಸ್ಮಶಾನಕ್ಕೆ ಜಾಗ ಇದೆಯಾ, ಅಲ್ಲಿಗೆ ಹೋಗೋ ದಾರಿ ಯಾರ ಹೊಲದಲ್ಲಿ ಹೋಗುತ್ತೆ? ಕಾಗದದಲ್ಲಿ ಏನಿದೆ, ನೆಲದ ಮೇಲೆ ಏನಿದೆ? ಎರಡೂ ಬರೆಯಿರಿ. ಮುತ್ಯಾನ ಅರಿವೂ ಕಾಗದದ ಅರಿವೂ ಕೂಡೋದು ಇಲ್ಲೇ.

ನಾಲ್ಕು. ಗುಳೆಯ ನಕಾಶೆ. ನಿಮ್ಮ ಓಣಿಯಲ್ಲಿ ಯಾವ ತಿಂಗಳು ಎಷ್ಟು ಮನೆಗೆ ಬೀಗ? ಯಾವ ಊರಿಗೆ, ಏನು ಕೆಲಸಕ್ಕೆ? ಯಾವ ಮಗುವಿನ ಶಾಲೆ ಯಾವ ತಿಂಗಳು ನಿಂತಿತು? ಹೆಸರು ಬೇಡ, ಲೆಕ್ಕ ಸಾಕು.

ಐದು. ಹಾಸ್ಟೆಲಿನ ನಕಾಶೆ. ಇದನ್ನ ಹೆಣ್ಣುಮಕ್ಕಳ ಹಾಸ್ಟೆಲಿನವರು ಮೊದಲು ಮಾಡಿ. ಕಾಲೇಜಿಗೆ ಎಷ್ಟು ದೂರ, ಬೀದಿದೀಪ ಎಲ್ಲಿದೆ, ಎಲ್ಲಿ ಇಲ್ಲ, ಯಾವ ತಿರುವಿನಲ್ಲಿ ಹೆದರಿಕೆ ಆಗುತ್ತೆ. ಹೆದರಿಕೆಗೂ ಒಂದು ಭೂಗೋಳ ಇದೆ.

ಎರಡು ಎಚ್ಚರಿಕೆ. ನಿಮ್ಮ ನಕಾಶೆಯಿಂದ ನಿಮ್ಮ ಜನಕ್ಕೆ ತೊಂದರೆ ಆಗಬಾರದು. ಅವರನ್ನ ಕೇಳಿ ಬರೆಯಿರಿ, ಬರೆದದ್ದನ್ನ ಅವರ ಮುಂದೆ ಹಾಸಿ ತೋರಿಸಿ, ಒಂದು ಪ್ರತಿ ಕೇರಿಯಲ್ಲೇ ಬಿಟ್ಟು ಬನ್ನಿ. ಇನ್ನೊಂದು, ಸುಳ್ಳು ಬರೆಯಬೇಡಿ. ನಮಗೆ ಅನುಕೂಲ ಅಂತ ಹತ್ತು ಹೆಜ್ಜೆಯನ್ನ ನೂರು ಮಾಡಬೇಡಿ. ತಹಶೀಲ್ದಾರ ಬಂದು ಅಳೆದರೂ, ಗೌಡ ಬಂದು ಅಳೆದರೂ ನಮ್ಮ ಲೆಕ್ಕ ನಿಲ್ಲಬೇಕು. ಕುಲವಾಡಿಯ ತಲೆಯ ಮೇಲಿನ ಉಂಡೆ ಈಗ ನಿಮ್ಮ ತಲೆಯ ಮೇಲಿದೆ.

ನಿಮ್ಮಲ್ಲಿ ಬಹಳ ಮಂದಿ ನಾಳೆ ಮಾಸ್ತರರು ಆಗ್ತೀರಿ. ಬಿ.ಎಡ್. ಮಾಡ್ತೀರಿ, ಒಬ್ಬಿಬ್ಬರು ವಿಶ್ವವಿದ್ಯಾಲಯಕ್ಕೂ ಹೋಗ್ತೀರಿ. ಹೋಗಲೇಬೇಕು. ನಮ್ಮ ನೆಲದಲ್ಲಿ ಯಾವ ಉತ್ಖನನ ನಡೆದರೂ ಗುದ್ದಲಿ ಹಿಡಿಯೋರು ಹಳ್ಳಿಯ ಕೂಲಿಗಳು. ಮುಂದಿನ ಬೂದಿಹಾಳವನ್ನ ಅಗೆಯೋನೂ ಬರೆಯೋನೂ ಒಬ್ಬನೇ ಆಗಬೇಕು. ಅವಳು ಆದರೆ ಇನ್ನೂ ಒಳ್ಳೇದು. ಆದರೆ ಅಲ್ಲಿ ಹೋದ ಮೇಲೆ ಹಳೆಯ ನೋಟ್ಸು ಓದಿ ಬರೆಸೋ ಮಾಸ್ತರ ಆಗಬೇಡಿ. ಶಹಾಪುರದ ಮಕ್ಕಳಿಗೆ ಶಿಲೆ ಹೆಂಗ ಸವೀತದ ಅಂತ ಹೇಳಬೇಕಾದರೆ ಹಿಮಾಲಯದ ಚಿತ್ರ ತೋರಿಸಬೇಡಿ. ಅವರನ್ನ ಕರಕೊಂಡು ಮಲಗಿದ ಬುದ್ಧನ ಗುಡ್ಡಕ್ಕೆ ಹೋಗಿ. ಬಿಸಿಲು ಮಳೆ ಬಿರುಕಿನೊಳಗೆ ಇಳಿದು, ಪದರ ಪದರ ಬಿಡಿಸಿ, ಮೂಲೆ ಮೂಲೆ ಸವೆಸಿ, ಕಗ್ಗಲ್ಲಿಗೆ ಮೂಗು ಹಣೆ ಎದೆ ಬಂದದ್ದನ್ನ ಅಲ್ಲೇ ನಿಂತು ತೋರಿಸಿ. ಕಲ್ಲು ಬದಲಾಗಲ್ಲ ಅನ್ನೋರಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಡ.

ಮುಂದಿನ ಶಿಬಿರಕ್ಕೆ ಬರೋವಾಗ ಒಬ್ಬೊಬ್ಬರೂ ನಿಮ್ಮ ಊರಿನ ನೀರಿನ ನಕಾಶೆ ತರಬೇಕು. ಪೆನ್ಸಿಲಿನಲ್ಲಿ ಬರೆದದ್ದು ಸಾಕು, ಬಣ್ಣ ಬೇಡ. ಎಲ್ಲವನ್ನೂ ಗೋಡೆಗೆ ಅಂಟಿಸೋಣ. ಊರ ಪಕ್ಕ ಊರು ಇಟ್ಟು ನೋಡೋಣ. ಆ ಗೋಡೆಯ ಮುಂದೆ ನಿಂತು ಮುಂದಿನ ಹೋರಾಟ ಯಾವ ಊರಿನಿಂದ ಶುರು ಮಾಡಬೇಕು ಅಂತ ತೀರ್ಮಾನ ಮಾಡೋಣ.

ಜೈ ಭೀಮ್.